ನನ್ನ ಶೀಟ್ ನಾನೇ ಬರೆದುಕೊಂಡೆ

ಓವರ್ ಕೊಡುವ ಹೊತ್ತಿಗೆ ಶೀಟ್ ಖಾಲಿ ಇರಬಾರದು. ನಮ್ಮ ವಾರ್ಡಿನಲ್ಲಿ ಎಲ್ಲೂ ಬರೆದಿಡದೆ ಎಲ್ಲರೂ ತಪ್ಪದೆ ಪಾಲಿಸುವ ನಿಯಮ ಅದೊಂದೇ. ಓವರ್ ಎಂದರೆ ಒಂದು ಪಾಳಿಯ ನರ್ಸು ಮುಂದಿನ ಪಾಳಿಯವಳಿಗೆ ವಾರ್ಡನ್ನು ಒಪ್ಪಿಸಿ ಹೋಗುವುದು. ಶೀಟ್ ಎಂದರೆ ಬಾಣಂತಿಯ ಮಂಚದ ಕಾಲ ಬಳಿ ರಟ್ಟಿಗೆ ಸಿಕ್ಕಿಸಿದ ಮಗುವಿನ ಹಾಳೆ. ಎಷ್ಟು ಗಂಟೆಗೆ ಹಾಲು ಕುಡಿಯಿತು, ಎಷ್ಟು ಸಲ ಉಚ್ಚೆ ಮಾಡಿತು, ಎಷ್ಟು ಸಲ ಕಕ್ಕ, ಮೈ ಬಿಸಿ ಎಷ್ಟು, ಕೊನೆಯಲ್ಲಿ ನರ್ಸಿನ ಸಹಿ.

ನಲವತ್ತು ಬಾಣಂತಿಯರಿಗೆ ನಾವು ಇಬ್ಬರು. ಪಾಳಿ ಮುಗಿಯಲು ಅರ್ಧ ಗಂಟೆ ಇದೆ ಎನ್ನುವಾಗ ನಾನು ಬಾಗಿಲ ಬಳಿ ನಿಂತು ಗಟ್ಟಿ ದನಿಯಲ್ಲಿ ಕೇಳುತ್ತಿದ್ದೆ: "ಹಾಲು ಕುಡೀತಾ ಇದ್ಯಾ ಎಲ್ರದ್ದೂ? ಪಾಲ್ ಕುಡಿಕ್ಕುದಾ? ದೂದ್ ಪೀರಾ ಕ್ಯಾ?" ಬೆಂಗಳೂರಿನ ಕಂಟೋನ್ಮೆಂಟ್ ಕಡೆಯ ಆಸ್ಪತ್ರೆಯಲ್ಲಿ ಕೆಲಸ ಮಾಡಲು ಈ ಮೂರು ಭಾಷೆ ಸಾಕು. ಹೂಂ ಎಂದು ಕೆಲವರು, ಆಮಾ ಎಂದು ಕೆಲವರು, ಹೌ ಎಂದು ಕೆಲವರು. ಆಮೇಲೆ ಮಂಚದಿಂದ ಮಂಚಕ್ಕೆ ಓಡುತ್ತಾ ಟಿಕ್ ಹಾಕುತ್ತಾ ಹೋಗುವುದು. ಒಂಬತ್ತು ವರ್ಷ ಹೀಗೆ ಟಿಕ್ ಹಾಕಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರುವುದು ನನ್ನ ಮಗಳ ವಿಷಯ, ಓದಿದವರಿಗೆ ನನ್ನ ಮೇಲೆ ಕನಿಕರ ಬರಬಹುದು. ಅದು ಬೇಡ.

ಹೆರಿಗೆಗೆ ನನ್ನ ವಾರ್ಡಿಗೇ ಸೇರಿದೆ. ಬೇರೆ ಕಡೆ ಹೋಗೋಣ, ಅಲ್ಲಾದರೆ ನೀನು ಸುಮ್ಮನೆ ಮಲಗುತ್ತೀಯ ಎಂದು ಗಂಡ ಹೇಳಿದ್ದ. ನಾನು ಕೇಳಲಿಲ್ಲ. ಗೊತ್ತಿರುವ ಕೈಗಳು, ಗೊತ್ತಿರುವ ಗೋಡೆಗಳು ಎಂಬ ಧೈರ್ಯದ ಜೊತೆಗೆ ಜಂಬವೂ ಇತ್ತು. ದಿನಾ ಬೆಳಿಗ್ಗೆ ಹತ್ತಕ್ಕೆ ವಾರ್ಡಿನ ನಡುವೆ ನಿಂತು ಬಟ್ಟೆಯ ಗೊಂಬೆಯೊಂದನ್ನು ಎದೆಗವಚಿಕೊಂಡು, ಹಾಲೂಡಿಸುವುದು ಹೇಗೆಂದು ತಾಯಂದಿರಿಗೆ ಪಾಠ ಹೇಳುತ್ತಿದ್ದವಳು ನಾನೇ. ಟ್ರೇನಿಂಗಿಗೆ ಬರುವ ಹುಡುಗಿಯರು ಬೆನ್ನ ಹಿಂದೆ ನನ್ನನ್ನು 'ಹಾಲಿನ ಮೇಡಮ್' ಎನ್ನುತ್ತಿದ್ದರು. ಕೇಳಿಸದವಳಂತೆ ಇದ್ದುಕೊಂಡು ಒಳಗೊಳಗೇ ಹಿಗ್ಗುತ್ತಿದ್ದೆ.

ಸೋಮವಾರ ಬೆಳಿಗ್ಗೆ ನೋವು ಶುರುವಾಯಿತು, ಹನ್ನೊಂದರ ಹೊತ್ತಿಗೆ ಮುಂದಕ್ಕೆ ಹೋಗದೆ ನಿಂತಿತು, ಮಧ್ಯಾಹ್ನ ಸಿಸೇರಿಯನ್ ಆಯಿತು. ಹೆಣ್ಣು ಮಗು. ತೂಕ ಎರಡು ಕೆಜಿ ಒಂಬೈನೂರು ಗ್ರಾಂ. ಹುಟ್ಟಿದ ಕೂಡಲೇ ಚೆನ್ನಾಗಿ ಅತ್ತಳು. ಅವತ್ತು ಪಾಳಿಯಲ್ಲಿದ್ದ ಜೂನಿಯರ್ ನರ್ಸು ನಾನೇ ಕೆಲಸ ಕಲಿಸಿದ ಹುಡುಗಿ. ಮಗುವನ್ನು ತಂದು ನನ್ನ ಪಕ್ಕಕ್ಕೆ ಮಲಗಿಸಿ, "ಮೇಡಮ್, ನಿಮಗೆ ನಾನು ಹೇಳ್ಕೊಡೋದಾ? ನಮಗೆ ಹೇಳ್ಕೊಟ್ಟಿದ್ದೇ ನೀವು," ಎಂದು ನಕ್ಕಳು. ನಾನೂ ನಕ್ಕೆ. ಅವಳು ಓಟಿಯಿಂದ, ಅಂದರೆ ಆಪರೇಷನ್ ಥಿಯೇಟರಿನಿಂದ, ಬಂದ ಮುಂದಿನ ಕೇಸಿಗೆ ಓಡಿದಳು.

ಮಗು ಬಾಯಿ ತೆರೆಯಿತು, ಹುಡುಕಿತು, ಅದಕ್ಕೆ ಏನೂ ಸಿಗಲಿಲ್ಲ. ನನ್ನ ಮೊಲೆತೊಟ್ಟು ಚಪ್ಪಟೆ. ಇದು ರೋಗವಲ್ಲ, ಎಷ್ಟೋ ಹೆಂಗಸರಿಗೆ ಹಾಗಿರುತ್ತದೆ. ಅದಕ್ಕೆ ವಾರ್ಡಿನಲ್ಲೇ ಮದ್ದಿದೆ. ಇಪ್ಪತ್ತು ಎಂಎಲ್ ಸಿರಿಂಜಿನ ಸೂಜಿ ಸಿಕ್ಕಿಸುವ ತುದಿಯನ್ನು ಬ್ಲೇಡಿನಿಂದ ಕತ್ತರಿಸಬೇಕು. ಒಳಗಿನ ಪಿಸ್ಟನ್ನನ್ನು ಹೊರತೆಗೆದು ಕತ್ತರಿಸಿದ ಕಡೆಯಿಂದ ತೂರಿಸಬೇಕು. ನಯವಾಗಿರುವ ಇನ್ನೊಂದು ಬಾಯನ್ನು ತೊಟ್ಟಿನ ಮೇಲಿಟ್ಟು ಪಿಸ್ಟನ್ನನ್ನು ಮೆಲ್ಲಗೆ ಹಿಂದಕ್ಕೆ ಎಳೆದು ಅರ್ಧ ನಿಮಿಷ ಹಿಡಿಯಬೇಕು. ತೊಟ್ಟು ಹೊರಗೆ ಬರುತ್ತದೆ, ಮಗುವಿಗೆ ಹಿಡಿಯಲು ಸಿಗುತ್ತದೆ. ಇಂಥ ಸಿರಿಂಜುಗಳನ್ನು ನಾನು ಎಷ್ಟು ಕತ್ತರಿಸಿದ್ದೇನೋ.

ಒಂದು ಸಿರಿಂಜ್ ತಂದುಕೊಡು ಎಂದು ಕೇಳಲು ಬಾಯಿ ಬರಲಿಲ್ಲ. ಯಾಕೆಂದರೆ ಸಿರಿಂಜ್ ಕತ್ತರಿಸುವಾಗ ನಾನು ಸುಮ್ಮನೆ ಕತ್ತರಿಸಿದವಳಲ್ಲ. "ಒಂಬತ್ತು ತಿಂಗಳು ಏನ್ಮಾಡ್ತಿದ್ರೀಮ್ಮ? ಮೊದ್ಲೇ ಒಂದ್ಸಲ ತೋರಿಸ್ಬೇಕು ಅಂತ ಗೊತ್ತಾಗ್ಲಿಲ್ವಾ?" ಎಂದು ಇಡೀ ವಾರ್ಡಿಗೆ ಕೇಳುವಂತೆ ಹೇಳಿಯೇ ಕತ್ತರಿಸುತ್ತಿದ್ದೆ. ಆ ಮಾತು ಈಗ ಆಯಾಗಳ ಬಾಯಲ್ಲಿ, ಹುಡುಗಿಯರ ಕಣ್ಣಲ್ಲಿ ನನ್ನ ಕಡೆಗೇ ತಿರುಗುತ್ತದೆ ಎಂದು ಹೆದರಿದೆ. ನಾಳೆ ಹಾಲು ಇಳಿದರೆ ಎಲ್ಲ ತಾನಾಗಿ ಸರಿಹೋಗುತ್ತದೆ ಎಂದುಕೊಂಡೆ. ಮಗು ತೊಟ್ಟಿನ ಮೇಲೆ ಬಾಯಿ ಆಡಿಸಿ ಆಡಿಸಿ ಸುಸ್ತಾಗಿ ನಿದ್ದೆ ಹೋಯಿತು.

ಸಂಜೆ ಹಲಸೂರಿನಿಂದ ಅಮ್ಮ ಬಂದಳು, ಫ್ಲಾಸ್ಕಿನಲ್ಲಿ ಗಂಜಿ, ಡಬ್ಬಿಯಲ್ಲಿ ಬೆಳ್ಳುಳ್ಳಿ ಸಾರು. ಮೂರು ಮಕ್ಕಳನ್ನು ಹೆತ್ತವಳು. ಮಗುವನ್ನು ನೋಡಿ ಏನೋ ಹೇಳಲು ಹೋದಳು, ನನ್ನ ಮುಖ ನೋಡಿ ಸುಮ್ಮನಾದಳು. ಆಮೇಲೆ ಎದುರು ಮಂಚದವರ ಹತ್ತಿರ ಹೆಮ್ಮೆಯಿಂದ, "ನಮ್ಮ ಹುಡ್ಗಿ ಇಲ್ಲೇ ನರ್ಸು ಕಣಮ್ಮ. ಅವಳಿಗೆ ನಾನೇನ್ ಹೇಳ್ಲಿ, ಅವಳೇ ಊರಿಗೆಲ್ಲ ಹೇಳ್ತಾಳೆ," ಎಂದಳು. ಅಮ್ಮನ ಬಾಯಿ ಮುಚ್ಚಿಸಿದ್ದು ನಾನೇ. ಗರ್ಭಿಣಿಯಾಗಿದ್ದಾಗ ಅವಳು ಏನು ಹೇಳಿದರೂ "ಅದೆಲ್ಲ ಹಳೇ ಕಾಲದ್ದು ಬಿಡು" ಎನ್ನುತ್ತಿದ್ದೆ.

ಮಂಗಳವಾರ ಬೆಳಿಗ್ಗೆ ಪಕ್ಕದ ಮಂಚಕ್ಕೆ ಯಾದಗಿರಿ ಕಡೆಯ ಹೆಂಗಸೊಬ್ಬಳು ಬಂದಳು. ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಕೆ.ಆರ್. ಪುರದ ಆಚೆ ಒಂದು ಖೋಲಿ ಬಾಡಿಗೆಗೆ ಹಿಡಿದಿದ್ದಾರೆ, ಗಂಡ ಸೆಂಟ್ರಿಂಗ್ ಕೆಲಸದವನು, ಇದು ಮೂರನೆಯ ಹೆರಿಗೆ. ಅವಳ ಅತ್ತೆ ಊಟದ ಹೊತ್ತಿಗೆ ರೊಟ್ಟಿ ಕಟ್ಟಿಕೊಂಡು ಬರುತ್ತಿದ್ದಳು, ಕೊಟ್ಟು ಹೊರಗಿನ ಬೆಂಚಿಗೆ ಹೋಗಿ ಕೂರುತ್ತಿದ್ದಳು. ಬಂದ ಒಂದು ಗಂಟೆಗೇ ಪಕ್ಕದ ಮಂಚದವಳ ಮಗು ಎದೆ ಕಚ್ಚಿತ್ತು. ಅದು ನುಂಗುವ ಸದ್ದು ನನಗೆ ಕೇಳಿಸುತ್ತಿತ್ತು. ನಾನು ಆ ಕಡೆಗೆ ಬೆನ್ನು ಮಾಡಿ ಮಲಗಿದೆ.

ಹನ್ನೆರಡರ ಸುಮಾರಿಗೆ ಜೂನಿಯರ್ ನನ್ನ ಮಂಚದ ಕಾಲ ಬಳಿಯಿಂದ ಶೀಟ್ ತೆಗೆದು ಕೈಗೆ ಕೊಟ್ಟಳು. "ಮೇಡಮ್, ಬೇಜಾರ್ ಮಾಡ್ಕೋಬೇಡಿ. ಓಟಿಯಿಂದ ಮೂರು ಕೇಸ್ ಒಟ್ಟಿಗೆ ಬರ್ತಿದೆ. ನಿಮ್ ಶೀಟ್ ನೀವೇ ಬರ್ಕೊಂಡ್ಬಿಡ್ತೀರಾ? ಆಮೇಲೆ ನಾನ್ ಸೈನ್ ಹಾಕ್ತೀನಿ."

"ಕೊಡು ಕೊಡು, ಅದೇನ್ ಮಹಾ," ಎಂದೆ.

ಪೆನ್ನು ಕೈಗೆ ಬಂದ ಕೂಡಲೇ ನಾನು ಬಾಣಂತಿಯಾಗಿ ಉಳಿಯಲಿಲ್ಲ. ಎಂಟು ಗಂಟೆ, ಹತ್ತು ಗಂಟೆ, ಹನ್ನೆರಡು ಗಂಟೆ: ಹಾಲು, ಟಿಕ್. ಉಚ್ಚೆ, ಟಿಕ್. ಸುಳ್ಳು ಬರೆಯುತ್ತಿದ್ದೇನೆ ಎಂದು ಆಗ ಅನಿಸಲೇ ಇಲ್ಲ. ಹೇಳಿದರೆ ನಂಬುವುದು ಕಷ್ಟ, ಆದರೆ ಹಾಗೇ ಇತ್ತು. ಎದೆಗೆ ಹಿಡಿದಿದ್ದು ನಿಜ, ಮಗು ಐದು ನಿಮಿಷ ಬಾಯಿ ಆಡಿಸಿದ್ದು ನಿಜ, ಬೆಳಿಗ್ಗೆ ಒಂದು ಸಲ ಬಟ್ಟೆ ಒದ್ದೆಯಾಗಿದ್ದೂ ನಿಜ. ಉಳಿದ ಚೌಕಗಳನ್ನು ಕೈ ತುಂಬಿಸಿತು. ಬಾಯಿ ಆಡಿಸುವುದು ಬೇರೆ, ನುಂಗುವುದು ಬೇರೆ ಎಂದು ದಿನಾ ಪಾಠ ಮಾಡುವವಳು ನಾನು. ಎರಡು ಗಂಟೆಗೆ ಪಾಳಿ ಬದಲಾಗುವಾಗ ಜೂನಿಯರ್ ಓಡಿಬಂದು ನೋಡದೆಯೇ ಸಹಿ ಹಾಕಿದಳು. ನೋಡದೆ ಸಹಿ ಹಾಕಲು ಕಲಿಸಿದವರು ಯಾರೆಂದು ಬೇರೆ ಹೇಳಬೇಕಿಲ್ಲ. ಮುಂದಿನ ಪಾಳಿಗಳಲ್ಲೂ ಶೀಟ್ ನಾನೇ ತುಂಬಿಸಿದೆ.

ಸಂಜೆ ಒದ್ದೆ ಬಟ್ಟೆಯ ಬುಟ್ಟಿ ಎಳೆದುಕೊಂಡು ಬಂದ ಆಯಾ ನನ್ನ ಮಂಚದ ಹತ್ತಿರ ನಿಂತಳು. ಇಪ್ಪತ್ತು ವರ್ಷದಿಂದ ಈ ವಾರ್ಡಿನ ಬಟ್ಟೆ ಒಗೆಯಲು ಕಳಿಸುವ ತಮಿಳು ಮುದುಕಿ. "ಏನ್ಮಾ ಸಿಸ್ಟರ್, ಬೆಳಿಗ್ಗೆಯಿಂದ ನಿಮ್ ಪಾಪ ಒಂದೇ ಬಟ್ಟೆ ಕೊಟ್ಟೈತೆ?"

"ನಮ್ಮಮ್ಮ ಮನೆಗೆ ತಗೊಂಡ್ ಹೋದ್ರು," ಎಂದೆ. ಇದು ಬೇಕೆಂದೇ ಹೇಳಿದ ಸುಳ್ಳು, ತಡವರಿಸದೆ ಬಂತು. ಆಯಾ ಒಂದು ಗಳಿಗೆ ಮಗುವನ್ನು ನೋಡಿ ಬುಟ್ಟಿ ಎಳೆದುಕೊಂಡು ಹೋದಳು.

ಬುಧವಾರ ಬೆಳಿಗ್ಗೆ ನಡೆದದ್ದನ್ನು ಬರೆಯಬೇಕೋ ಬೇಡವೋ ಎಂದು ತುಂಬಾ ಯೋಚಿಸಿದ್ದೇನೆ. ನಾನು ರಜೆಯಲ್ಲಿದ್ದ ಕಾರಣ ಹತ್ತು ಗಂಟೆಯ ಪಾಠಕ್ಕೆ ಯಾರೂ ಇರಲಿಲ್ಲ. ಇನ್‌ಚಾರ್ಜ್ ಸಿಸ್ಟರ್ ನನ್ನ ಹತ್ತಿರ ಬಂದು, "ಹೆಂಗಿದ್ದೀಯಮ್ಮ? ಶೀಟ್ ನೋಡಿದೆ, ಸೂಪರ್ ಆಗಿದೆ. ಕೂತ್ಕೊಳಕ್ಕೆ ಆದ್ರೆ ಇಲ್ಲಿಂದ್ಲೇ ಎರಡು ಮಾತು ಹೇಳ್ಬಿಡು. ಹೆತ್ತಿರೋಳು ಹೇಳಿದ್ರೆ ಅವ್ರಿಗೂ ನಂಬಿಕೆ ಬರತ್ತೆ," ಎಂದರು. ಹೊಲಿಗೆ ಹಿಡಿದುಕೊಂಡು ಎದ್ದು ಕೂತೆ. ಗೊಂಬೆ ತಂದುಕೊಟ್ಟರು. ಮಗುವಿನ ಗಲ್ಲ ಎದೆಗೆ ತಾಗಬೇಕು, ಬಾಯಿ ಅಗಲಕ್ಕೆ ತೆರೆದಿರಬೇಕು, ಬರೀ ತೊಟ್ಟಲ್ಲ, ಅದರ ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು, ನುಂಗುವಾಗ ಗಂಟಲು ಅಲುಗುವುದು ಕಾಣಬೇಕು. ಎಲ್ಲವನ್ನೂ ಹೇಳಿದೆ, ಮೂರು ಭಾಷೆಯಲ್ಲಿ ಹೇಳಿದೆ. ಬಟ್ಟೆಯ ಗೊಂಬೆ ನನ್ನ ಎದೆಯ ಮೇಲಿತ್ತು. ಹೆತ್ತ ಮಗಳು ಪಕ್ಕದ ತೊಟ್ಟಿಲಲ್ಲಿ ಅಲುಗಾಡದೆ ಮಲಗಿದ್ದಳು. "ನಿಮ್ ಪಾಪು ಎಷ್ಟ್ ಒಳ್ಳೇದು ಸಿಸ್ಟರ್, ಅಳೋದೇ ಇಲ್ಲ," ಎಂದು ಎದುರಿನವಳು ಹೇಳಿದಾಗ ನಾನು ಮುಗುಳ್ನಕ್ಕೆ. ಎರಡು ದಿನದ ಮಗು ಅಳದೆ ಮಲಗಿದರೆ ಹೆದರಬೇಕು ಎಂಬುದು ನನ್ನ ಪಾಠದಲ್ಲೇ ಇದೆ. ಅವತ್ತು ಅದೊಂದು ಮಾತನ್ನು ಮಾತ್ರ ಬಿಟ್ಟೆ.

ಎಲ್ಲರೂ ತಮ್ಮ ತಮ್ಮ ಮಂಚಕ್ಕೆ ಹೋದ ಮೇಲೆ ಪಕ್ಕದ ಮಂಚದವಳು ದನಿ ತಗ್ಗಿಸಿ ಕರೆದಳು. "ಅಕ್ಕಾರ, ಸಿಟ್ಟು ಮಾಡ್ಕೋಬ್ಯಾಡ್ರಿ. ನಿಮ್ಮ ಕೂಸು ನುಂಗವಲ್ದು. ನಿನ್ನಿಯಿಂದ ನೋಡ್ಲಾಕತ್ತೀನಿ. ಬಾಯಿ ಅಷ್ಟ ಆಡಸ್ತದ, ಗಂಟಲಾ ಅಳಗಾಡಂಗಿಲ್ಲ."

ಮೈಯೆಲ್ಲ ಉರಿದುಹೋಯಿತು. "ನಾನು ಈ ವಾರ್ಡಲ್ಲಿ ಒಂಬತ್ತು ವರ್ಷದಿಂದ ಕೆಲಸ ಮಾಡ್ತಿದ್ದೀನಿ. ನಿನ್ ಮಗು ನೀನ್ ನೋಡ್ಕೋ," ಎಂದೆ.

"ಹೌದ್ರಿ ಅಕ್ಕಾರ," ಎಂದಳು. ಬೇಸರ ಮಾಡಿಕೊಂಡಂತೆ ಕಾಣಲಿಲ್ಲ. ಆದರೆ ನನ್ನ ಮಗಳ ಮೇಲಿಂದ ಕಣ್ಣು ತೆಗೆಯಲೂ ಇಲ್ಲ. "ಒಂದ್ಸಲ ಎಬ್ಬಸ್ರಿ. ಎಬ್ಬಿಸಿ ನೋಡ್ರಿ ಅಷ್ಟ."

ಅವಳ ಬಾಯಿ ಮುಚ್ಚಿಸಲೆಂದೇ ಎಬ್ಬಿಸಲು ಹೋದೆ. ಅಂಗಾಲಿಗೆ ಬೆರಳಿನಿಂದ ತಟ್ಟಿದೆ. ಕಾಲು ಎಳೆದುಕೊಳ್ಳಲಿಲ್ಲ. ಕಿವಿಯ ಹಿಂದೆ ಉಜ್ಜಿದೆ. ಕಣ್ಣು ಅರ್ಧ ತೆರೆದು ಮುಚ್ಚಿತು. ಮೈ ಬೆಚ್ಚಗಲ್ಲ, ಬಿಸಿ ಇತ್ತು. ತುಟಿ ಒಣಗಿ ಅಂಟಿಕೊಂಡಿತ್ತು. ಬಟ್ಟೆ ಬಿಚ್ಚಿದೆ. ಒದ್ದೆ ಇರಲಿಲ್ಲ. ನಡುವೆ ಇಟ್ಟಿಗೆ ಪುಡಿಯ ಬಣ್ಣದ ಒಂದು ಸಣ್ಣ ಕಲೆ. ಮೈಯಲ್ಲಿ ನೀರು ಕಡಿಮೆಯಾದಾಗ ಉಚ್ಚೆ ಗಟ್ಟಿಯಾಗಿ ಬೀಳುವ ಕಲೆ ಅದು. ಹಳದಿ ಬಣ್ಣ ಮುಖದಿಂದ ಎದೆಯವರೆಗೆ ಇಳಿದಿತ್ತು. ಬೇರೆಯವರ ಮಗುವಾಗಿದ್ದರೆ ಅಷ್ಟು ಹೊತ್ತಿಗೆ ಎತ್ತಿಕೊಂಡು ಓಡಿರುತ್ತಿದ್ದೆ. ನಾನು ಬಟ್ಟೆ ಮಡಿಸಿ ದಿಂಬಿನ ಕೆಳಗಿಟ್ಟೆ. ಆಮೇಲೆ ಶೀಟ್ ತೆಗೆದುಕೊಂಡು ಹನ್ನೆರಡು ಗಂಟೆಯ ಚೌಕದಲ್ಲಿ ಟಿಕ್ ಹಾಕಿದೆ.

ಆ ಒಂದು ಟಿಕ್ ಬಗ್ಗೆ ಮಾತ್ರ ನನ್ನ ಬಳಿ ಯಾವ ಸಮಜಾಯಿಷಿಯೂ ಇಲ್ಲ. ಹಿಂದಿನವನ್ನು ಕೈ ಬರೆದಿತ್ತು. ಇದನ್ನು ನಾನು ಬರೆದೆ. ಈಗ ಒಂದು ಚೌಕ ಖಾಲಿ ಬಿಟ್ಟರೆ ಹಿಂದಿನವೂ ಸುಳ್ಳೆಂದು ಗೊತ್ತಾಗುತ್ತದೆ ಎಂಬ ಭಯ ಇತ್ತು. ಮಧ್ಯಾಹ್ನದ ರೌಂಡಿಗೆ ಮಕ್ಕಳ ಡಾಕ್ಟರು ಬರುತ್ತಾರೆ, ಬಂದು ನೋಡಿದರೆ ಅವರಿಗೇ ಗೊತ್ತಾಗುತ್ತದೆ, ನಾನು ಬಾಯಿ ಬಿಡದೆ ಎಲ್ಲ ಸರಿಹೋಗುತ್ತದೆ ಎಂದು ಲೆಕ್ಕ ಹಾಕಿದೆ. ಮಗಳ ತುಟಿಗೆ ಬೆರಳಿನಿಂದ ನಾಲ್ಕು ಹನಿ ನೀರು ಸವರಿ ಎರಡೂವರೆ ಗಂಟೆ ಕಾದೆ. ಪಕ್ಕದ ಮಂಚದವಳು ಊಟ ಮಾಡಲಿಲ್ಲ. ರೊಟ್ಟಿ ಬಿಚ್ಚಿಟ್ಟುಕೊಂಡು ನನ್ನ ಕಡೆ ನೋಡುತ್ತಲೇ ಇದ್ದಳು.

ಎರಡೂವರೆಗೆ ಡಾಕ್ಟರು ಬಂದರು. ಒಳ್ಳೆಯ ಹೆಂಗಸು, ಕೈ ಚುರುಕು, ಮಾತು ಕಡಿಮೆ. ಹಿಂದೆ ಇನ್‌ಚಾರ್ಜ್ ಸಿಸ್ಟರ್, ಜೂನಿಯರ್, ಟ್ರೇನಿಂಗಿನ ಐದಾರು ಹುಡುಗಿಯರು. ನನ್ನ ಮಂಚದ ಹತ್ತಿರ ನಿಂತು ಮೊದಲು ಶೀಟ್ ನೋಡಿದರು. ನೋಡಬೇಕಾದದ್ದೇ ಹಾಗೆ. "ವೆರಿ ಗುಡ್. ಎರಡು ಗಂಟೆಗೊಂದ್ಸಲ ಫೀಡ್, ಯೂರಿನ್ ಆರು ಸಲ. ನೋಡ್ರಮ್ಮ, ಶೀಟ್ ಅಂದ್ರೆ ಹಿಂಗಿರ್ಬೇಕು," ಎಂದು ಹುಡುಗಿಯರಿಗೆ ತೋರಿಸಿದರು. ಮಗಳ ಎದೆಯ ಮೇಲೆ ಬೆರಳೊತ್ತಿ ತೆಗೆದರು. "ಸ್ವಲ್ಪ ಹಳದಿ ಇದೆ. ಇಷ್ಟು ಚೆನ್ನಾಗಿ ಹಾಲು ಹೋಗ್ತಿದೆ, ಯೂರಿನ್ನಲ್ಲಿ ಇಳಿಯತ್ತೆ. ನಾಳೆ ಡಿಸ್ಚಾರ್ಜ್ ಮುಂಚೆ ತೂಕ ನೋಡೋಣ."

ತೂಕದ ಯಂತ್ರ ಲೇಬರ್ ರೂಮಿನಲ್ಲಿರುತ್ತದೆ. ಶೀಟ್ ಚೆನ್ನಾಗಿರುವ ಮಗುವನ್ನು ಅಲ್ಲಿಯವರೆಗೆ ಯಾರೂ ಹೊತ್ತೊಯ್ಯುವುದಿಲ್ಲ.

"ಡಾಕ್ಟ್ರೇ, ಮೈ ಸ್ವಲ್ಪ ಬಿಸಿ ಅನ್ಸತ್ತೆ," ಎಂದೆ.

ಮುಟ್ಟಿ ನೋಡಿದರು. "ಎರಡೆರಡು ಹೊದಿಕೆ ಹಾಕಿದ್ದೀರ, ಬಿಸಿ ಆಗದೆ ಏನಾಗತ್ತೆ? ನೀವೇ ಹಿಂಗ್ ಮಾಡಿದ್ರೆ ಹೆಂಗೆ ಸಿಸ್ಟರ್?" ಎಲ್ಲರೂ ನಕ್ಕರು. ಡಾಕ್ಟರು ಮುಂದಿನ ಮಂಚಕ್ಕೆ ಹೋದರು.

ನಾಳೆ ಬೆಳಿಗ್ಗೆಯವರೆಗೆ ಈ ಮಗು ಉಳಿಯುವುದಿಲ್ಲ ಎಂದು ನನಗೆ ಆಗ ಗೊತ್ತಾಯಿತು. ಡಾಕ್ಟರಿಗೆ ಗೊತ್ತಾಗಲು ದಾರಿಯೇ ಇರಲಿಲ್ಲ, ಆ ದಾರಿಯನ್ನು ನಾನೇ ಮುಚ್ಚಿದ್ದೆ. ಅವರು ಪಕ್ಕದ ಮಂಚದವಳ ಮಗುವನ್ನು ನೋಡುತ್ತಿದ್ದರು. ಅವಳು ಡಾಕ್ಟರ ಮುಖ ನೋಡದೆ ನನ್ನನ್ನೇ ನೋಡುತ್ತಿದ್ದಳು. ಅವಳು ಬಾಯಿ ತೆರೆದಳು. ಅವಳು ಹೇಳಿಬಿಡುತ್ತಾಳೆ, ಇವರು ಅವಳ ಮಾತು ನಂಬುವುದಿಲ್ಲ, ನನ್ನ ಶೀಟ್ ನಂಬುತ್ತಾರೆ ಎಂದು ಒಂದೇ ಕ್ಷಣದಲ್ಲಿ ಹೊಳೆಯಿತು.

"ಡಾಕ್ಟ್ರೇ," ಎಂದೆ. ದನಿ ಬಾಗಿಲಲ್ಲಿ ನಿಂತು ಕೂಗುವ ಹಳೆಯ ದನಿಯೇ ಬಂತು. "ಆ ಶೀಟ್ ಸುಳ್ಳು. ಬರ್ದಿದ್ದು ನಾನೇ. ಮಗು ಹುಟ್ಟಿದಾಗ್ನಿಂದ ಹಾಲು ಕುಡಿದಿಲ್ಲ."

ಡಾಕ್ಟರು ತಿರುಗಿ ಬಂದರು. "ಕೊನೇದಾಗಿ ಯೂರಿನ್ ಯಾವಾಗ?"

"ನಿನ್ನೆ ಬೆಳಿಗ್ಗೆ."

"ಖಂಡಿತಾನಾ?"

ದಿಂಬಿನ ಕೆಳಗಿಂದ ಕಲೆಯಾದ ಬಟ್ಟೆ ತೆಗೆದು ಕೊಟ್ಟೆ. ಅದನ್ನು ಬಚ್ಚಿಟ್ಟಿದ್ದೆ ಎಂಬುದೂ ಅಲ್ಲಿದ್ದ ಎಲ್ಲರಿಗೂ ತಿಳಿಯಿತು. ಡಾಕ್ಟರು ಒಂದು ಮಾತೂ ಬೈಯಲಿಲ್ಲ. ಮಗುವನ್ನು ತಾವೇ ಎತ್ತಿಕೊಂಡು ಲೇಬರ್ ರೂಮಿಗೆ ನಡೆದರು. ಎರಡು ಕೆಜಿ ನಾನೂರ ಎಂಬತ್ತು. ನಾನೂರ ಇಪ್ಪತ್ತು ಗ್ರಾಂ ಕಡಿಮೆ. ಜ್ವರ ನೂರಾ ಒಂದು. ಹಿಮ್ಮಡಿಗೆ ಸೂಜಿ ಚುಚ್ಚಿ ನೋಡಿದರೆ ರಕ್ತದಲ್ಲಿ ಸಕ್ಕರೆ ಮೂವತ್ತನಾಲ್ಕು, ನಲವತ್ತೈದಾದರೂ ಇರಬೇಕಿತ್ತು. ಹತ್ತು ನಿಮಿಷದಲ್ಲಿ ಮಗಳು ಮೇಲಿನ ಮಹಡಿಯ ಹಸುಗೂಸುಗಳ ಐಸಿಯುನಲ್ಲಿದ್ದಳು, ಕೈಗೆ ಗ್ಲೂಕೋಸ್ ಹತ್ತಿತ್ತು.

ಸಕ್ಕರೆ ಸಂಜೆಯೊಳಗೆ ಮೇಲೆ ಬಂತು. ಆದರೆ ನೀರು ಬತ್ತಿ ರಕ್ತದಲ್ಲಿ ಸೋಡಿಯಂ ಏರಿತ್ತು. ಅದನ್ನು ನಿಧಾನವಾಗಿ ಇಳಿಸಬೇಕು, ಆತುರಪಟ್ಟು ಇಳಿಸಿದರೆ ಮಿದುಳಿಗೆ ನೀರು ತುಂಬಿ ಫಿಟ್ಸ್ ಬರುತ್ತದೆ. ಎರಡು ದಿನ ಬೇಕು ಎಂದರು ಡಾಕ್ಟರು. ಮೇಲಕ್ಕೆ ಹೋದಾಗಲೆಲ್ಲ ಗಾಜಿನ ಹೊರಗೆ ನಿಂತು ಅವಳ ಕೈಬೆರಳುಗಳನ್ನು ನೋಡುತ್ತಿದ್ದೆ, ಎಲ್ಲಾದರೂ ಜರ್ಕು ಹೊಡೆಯುತ್ತದೆಯೋ ಎಂದು. ಇನ್‌ಚಾರ್ಜ್ ಸಿಸ್ಟರ್ ನನ್ನಿಂದ ಬರೆಸಿಕೊಂಡರು. ಶೀಟಿನ ಪ್ರತಿ ಟಿಕ್ಕೂ ನನ್ನದು, ಜೂನಿಯರ್ ಕೇಳಿದ್ದಕ್ಕೆ ನಾನು ಖುಷಿಯಿಂದ ಒಪ್ಪಿದ್ದೆ ಎಂದು ಬರೆದುಕೊಟ್ಟೆ. ಆದರೂ ನನ್ನ ಜೊತೆ ಅವಳಿಗೂ ಕಾರಣ ಕೇಳುವ ಮೆಮೊ ಬಂತು, ಸಹಿ ಅವಳದಿತ್ತು. ಆ ಹುಡುಗಿ ಕಣ್ಣೊರೆಸಿಕೊಂಡು ಬಂದು ಇಪ್ಪತ್ತು ಎಂಎಲ್ ಸಿರಿಂಜ್ ಕತ್ತರಿಸಿ ನನ್ನ ಕೈಗೆ ಕೊಟ್ಟಳು. ಒಂಬತ್ತು ತಿಂಗಳು ಏನು ಮಾಡುತ್ತಿದ್ದಿರಿ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಹಾಲು ಹಿಂಡಿ ಮೇಲಕ್ಕೆ ಕಳಿಸಬೇಕಿತ್ತು. ನಾನೇ ಹಿಂಡಿದರೆ ಒಂದು ಹನಿಯೂ ಬರಲಿಲ್ಲ. ಪಕ್ಕದ ಮಂಚದವಳು ತನ್ನ ಮಗುವನ್ನು ಮಲಗಿಸಿ ಬಂದು ನನ್ನ ಬೆನ್ನ ಹಿಂದೆ ಕೂತು, ಬಿಸಿ ನೀರಿನ ಬಟ್ಟೆ ಹಚ್ಚಿ, ಹೆಗಲಿನಿಂದ ಕೆಳಕ್ಕೆ ತಿಕ್ಕಿದಳು. "ಅವಸರ ಮಾಡಬ್ಯಾಡ್ರಿ. ಬರ್ತದ," ಎಂದಳು. ಮೊದಲ ಸಲ ನಾಲ್ಕು ಎಂಎಲ್ ಬಂತು. ಜೂನಿಯರ್ ಅದನ್ನು ಪಾಲಡೈಗೆ ಹಾಕಿಕೊಂಡು ಮೆಟ್ಟಿಲು ಹತ್ತಿ ಓಡಿದಳು. ಪಾಲಡೈ ಎಂದರೆ ನಮ್ಮ ಅಜ್ಜಿಯರು ಒಳಲೆ ಎನ್ನುತ್ತಿದ್ದ, ಮೂತಿ ಇರುವ ಸಣ್ಣ ಬಟ್ಟಲು. ಸಂಜೆ ಹತ್ತು ಎಂಎಲ್. ಮರುದಿನ ಮೂವತ್ತು. ಶುಕ್ರವಾರ ಮಧ್ಯಾಹ್ನ ಮಗಳನ್ನು ಕೆಳಗೆ ತಂದು ನನ್ನ ಎದೆಗೆ ಕೊಟ್ಟರು. ಕಚ್ಚಿದಳು. ಗಂಟಲು ಅಲುಗಿತು. ನಾನು ಗೊಳೋ ಎಂದು ಅತ್ತೆ, ಅಮ್ಮನೂ ಅತ್ತಳು.

ಅದೇ ದಿನ ಪಕ್ಕದ ಮಂಚದವಳ ಡಿಸ್ಚಾರ್ಜ್. ಅವಳು ಬಟ್ಟೆ ಗಂಟು ಕಟ್ಟುತ್ತಿರುವಾಗ ಕೇಳಿದೆ, "ನಿಂಗೆ ಯಾರು ಹೇಳ್ಕೊಟ್ರು, ಗಂಟಲು ನೋಡೋದು?"

"ಎರಡನೇ ಕೂಸಿನಾಗ ಕಲ್ತೀನ್ರಿ," ಎಂದಳು. "ಅದೂ ಇಲ್ಲೇ ಹುಟ್ಟಿದ್ದು. ಎರಡೂವರಿ ವರ್ಷ ಆತು. ಹಿಂಗ, ಅಳಂಗಿಲ್ಲ, ಬರೇ ಮಕ್ಕೊಂಡೇ ಇರ್ತಿತ್ತು. ಚಲೋ ಕೂಸು ಅಂದ್ಕೊಂಡೆ ನಾನೂ. ಮನಿಗೆ ಒಯ್ದ ಮರುದಿನ ಕೈಕಾಲ ಸೆಟದು ಫಿಟ್ಸ್ ಬಂತು. ಬ್ಯಾರೆ ದವಾಖಾನಿಗೆ ಒಯ್ದಿವಿ. ಕೂಸಿನ ಹೊಟ್ಟಿಗಿ ಹಾಲೇ ಹೋಗಿಲ್ಲ, ಸಕ್ರಿ ಇಳದದ ಅಂದ್ರು."

"ಈಗ?"

"ಅದಾನ್ರಿ. ಇನ್ನಾ ಕುಂದ್ರಂಗಿಲ್ಲ. ಮಾರಿ ನೋಡಿದ್ರ ನಗ್ತಾನ."

"ಇಲ್ಲಿ ಯಾರೂ ನೋಡ್ಲಿಲ್ವಾ ಆಗ?" ಎಂದು ಕೇಳಿದೆ. ಕೇಳಬಾರದಿತ್ತು.

"ನೀವೇ ಇದ್ರಲ್ಲಾ ಅಕ್ಕಾರ. ನಿಮ್ಮ ದನಿ ಕೇಳಿ ಮೊನ್ನಿ ಗುರ್ತು ಹಿಡದೀನಿ. ಬಾಗಲ್ದಾಗ ನಿಂತು ಕೇಳಿದ್ರಿ, ಎಲ್ಲಾರೂ ಹೂಂ ಅಂದ್ರು, ನಾನೂ ಹೂಂ ಅಂದೆ. ನೀವು ಬರಕೊಂಡ್ರಿ."

ಅವಳ ದನಿಯಲ್ಲಿ ದೂರು ಇರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಅವಳ ಮುಖವನ್ನು ಎಷ್ಟು ನೋಡಿದರೂ ನನಗೆ ನೆನಪಾಗಲಿಲ್ಲ. ಫಿಟ್ಸ್ ಬರಲು ಬೇರೆ ನೂರು ಕಾರಣ ಇರಬಹುದು, ಹೆರಿಗೆಯಲ್ಲೇ ತೊಂದರೆ ಆಗಿರಬಹುದು, ಮನೆಯಲ್ಲಿ ಏನೋ ಕುಡಿಸಿರಬಹುದು. ನನ್ನೊಳಗಿನ ನರ್ಸು ಆಗಲೇ ಪಟ್ಟಿ ಮಾಡಲು ಶುರು ಮಾಡಿದ್ದಳು. ಹಸಿದ ಕೂಸನ್ನು ಎರಡು ದಿನ ಕಣ್ಣೆದುರಿಗೆ ಇಟ್ಟುಕೊಂಡವಳಿಗೆ ಆ ಪಟ್ಟಿಯ ಬೆಲೆ ಎಷ್ಟೆಂದು ಗೊತ್ತು.

"ನಾನು ಹತ್ತಿರ ಬಂದು ನೋಡ್ಬೇಕಿತ್ತು," ಎಂದೆ. "ಎದೆಗೆ ಹಾಕ್ಸಿ, ಗಂಟಲು ನೋಡಿ ಆಮೇಲೆ ಬರೀಬೇಕಿತ್ತು. ನೋಡ್ದೆ ಬರ್ದೆ. ನೀನು ಹೂಂ ಅಂದಿದ್ದು ತಪ್ಪಲ್ಲ. ಅದು ನನ್ನ ತಪ್ಪು."

ಅವಳು ಗಂಟು ಕಟ್ಟುವುದನ್ನು ನಿಲ್ಲಿಸಿದಳು. ಬೈಯುತ್ತಾಳೆ ಎಂದುಕೊಂಡೆ, ಬೈಯಲಿ ಎಂದು ಕಾದೆ.

"ಹಂಗಾದ್ರ," ಎಂದಳು, "ನನ್ನ ಹಾಲಿನಾಗ ಏನೂ ದೋಷ ಇರಲಿಲ್ಲೇನ್ರಿ?"

"ಏನೂ ಇರ್ಲಿಲ್ಲ."

"ಕೆಟ್ಟ ಹಾಲು ಕುಡಿಸಿ ಕೂಸಿನ್ನ ಹಂಗ ಮಾಡಿದಿ ಅಂತಾರ್ರಿ ಮನ್ಯಾಗ. ಎರಡೂವರಿ ವರ್ಷ ಆತು." ಬಾಗಿಲ ಕಡೆ ಕೈ ತೋರಿಸಿದಳು. "ಅತ್ತಿ ಹೊರಗ ಕುಂತಾಳ್ರಿ. ಆಕಿ ಮುಂದ ಹೇಳ್ತೀರೇನು?"

ಮಗಳನ್ನು ಅಮ್ಮನ ಕೈಗೆ ಕೊಟ್ಟು, ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು ಎದ್ದೆ. ವಾರ್ಡಿನ ಉದ್ದಕ್ಕೂ ಅವಳು ಮುಂದೆ, ನಾನು ಹಿಂದೆ ನಡೆದೆವು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅತ್ತೆ ನನ್ನನ್ನು ನೋಡಿ ತಲೆಯ ಮೇಲೆ ಸೆರಗೆಳೆದುಕೊಂಡು ಎದ್ದು ನಿಂತಳು. ಅಕ್ಕಪಕ್ಕ ಹತ್ತಾರು ಜನ ಇದ್ದರು. ಹಾಲಿನಲ್ಲಿ ದೋಷವಿರಲಿಲ್ಲ, ಕೂಸು ಕುಡಿದಿದೆಯೋ ಎಂದು ನೋಡದೆ ಬರೆದ ತಪ್ಪು ನನ್ನದು ಎಂದು ಹೇಳಿದೆ. ಮೊದಲ ಸಲಕ್ಕೆ ಅವಳಿಗೆ ಅರ್ಥವಾಗಲಿಲ್ಲ. "ಯಾರ್ದು ತಪ್ಪಂತ?" ಎಂದು ಸೊಸೆಯನ್ನು ಕೇಳಿದಳು. ಸೊಸೆ ನನ್ನ ಕಡೆ ನೋಡಿದಳು. ನಾನು ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದೆ.